ಡಿಪಿಎಫ್ ಕಟ್ಟಿಕೊಂಡರೆ ಮೊದಲು ನೋಡಬೇಕಾದ್ದು ಡಿಪಿಎಫ್ ಅಲ್ಲ

ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಬಣ್ಣದ ಒಂದು ದೀಪ. ಚಿಕ್ಕ ಡಬ್ಬಿಯ ಚಿತ್ರ, ಒಳಗೆ ಚುಕ್ಕೆಗಳು, ಎರಡೂ ಕಡೆ ಪೈಪು. ಡೀಸೆಲ್ ಕಾರು ಓಡಿಸುವ ಎಷ್ಟೋ ಜನ ಇದನ್ನು ನೋಡಿದ ತಕ್ಷಣ ಗಾಬರಿಯಾಗುತ್ತಾರೆ. ಇನ್ನೆಷ್ಟೋ ಜನ ಕಾರು ಓಡ್ತಾ ಇದೆಯಲ್ಲ ಅಂತ ಸುಮ್ಮನಿದ್ದುಬಿಡುತ್ತಾರೆ. ಎರಡೂ ಬೇಡ. ಆ ದೀಪದ ಅರ್ಥ ಇಷ್ಟೇ: ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್‌ನಲ್ಲಿ ಮಸಿ ಜಾಸ್ತಿಯಾಗಿದೆ, ಅದನ್ನು ಸುಟ್ಟುಹಾಕಲು ಕಾರಿಗೆ ಅವಕಾಶ ಸಿಗುತ್ತಿಲ್ಲ.

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಡಿಪಿಎಫ್ ಹೋಗಿದೆ, ಹೊಸದು ಹಾಕಿಸಿ. ಇಲ್ಲಾಂದ್ರೆ, ಅದನ್ನು ಕಿತ್ತುಹಾಕಿ ಸಾಫ್ಟ್‌ವೇರ್ ಬದಲಿಸೋಣ, ಇನ್ನು ಮೇಲೆ ತಲೆನೋವೇ ಇಲ್ಲ. ಅದೂ ಇಲ್ಲದಿದ್ದರೆ ಒಂದು ಡಬ್ಬಿ ಕ್ಲೀನರ್ ತಂದು ಟ್ಯಾಂಕಿಗೆ ಸುರಿಯಿರಿ. ಈ ಮೂರರಲ್ಲೂ ಒಂದು ಪ್ರಶ್ನೆ ಬಿಟ್ಟುಹೋಗಿರುತ್ತದೆ. ಫಿಲ್ಟರ್ ಯಾಕೆ ತುಂಬಿತು? ನಾನು ಈ ಬರಹ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ. ಅದಕ್ಕೆ ಉತ್ತರ ಹುಡುಕದೆ ಖರ್ಚು ಮಾಡಿದರೆ ಹೊಸ ಫಿಲ್ಟರ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮೊದಲು ಇದು ಕೆಲಸ ಮಾಡುವ ರೀತಿ ನೋಡೋಣ. ಡಿಪಿಎಫ್ ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಇಂಜಿನ್‌ನಿಂದ ಹೊರಬರುವ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಸೆರಾಮಿಕ್ ಗಟ್ಟಿ. ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್ ಅಥವಾ ಕಾರ್ಡಿಯರೈಟ್‌ನಿಂದ ಮಾಡಿರುತ್ತಾರೆ. ಅಡ್ಡ ಕೊಯ್ದು ನೋಡಿದರೆ ಜೇನುಗೂಡಿನ ಹಾಗೆ ಸಾವಿರಾರು ಸಣ್ಣ ಕೊಳವೆಗಳು. ಒಂದು ಕೊಳವೆಯ ಈ ತುದಿ ಮುಚ್ಚಿದ್ದರೆ ಪಕ್ಕದ ಕೊಳವೆಯ ಆ ತುದಿ ಮುಚ್ಚಿರುತ್ತದೆ. ಹಾಗಾಗಿ ಒಳಗೆ ಬಂದ ಹೊಗೆಗೆ ನೇರವಾಗಿ ಹೊರಹೋಗಲು ದಾರಿ ಇಲ್ಲ, ಕೊಳವೆಯ ಗೋಡೆಯಲ್ಲಿರುವ ಸಣ್ಣ ಸಣ್ಣ ರಂಧ್ರಗಳ ಮೂಲಕವೇ ನುಸುಳಿ ಪಕ್ಕದ ಕೊಳವೆಗೆ ಹೋಗಬೇಕು. ಅನಿಲ ನುಸುಳುತ್ತದೆ, ಮಸಿ ಗೋಡೆಯ ಮೇಲೆ ಉಳಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಫಿಲ್ಟರ್ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಮಸಿಯನ್ನು ಹಿಡಿಯುತ್ತದೆ. ಡಿಪಿಎಫ್ ಇರುವ ಕಾರಿನ ಎಕ್ಸಾಸ್ಟ್ ಪೈಪಿನೊಳಗೆ, ಇಂಜಿನ್ ತಣ್ಣಗಿರುವಾಗ, ಬೆರಳಾಡಿಸಿ ನೋಡಿ. ಬಹುತೇಕ ಕ್ಲೀನಾಗಿರಬೇಕು. ಬೆರಳಿಗೆ ಕಪ್ಪು ಮಸಿ ಮೆತ್ತಿಕೊಂಡರೆ ಫಿಲ್ಟರ್ ಒಳಗೆ ಒಡೆದಿದೆ, ಅಥವಾ ಅದನ್ನು ಯಾರೋ ಮೊದಲೇ ತೆಗೆದಿದ್ದಾರೆ ಅಂತ ಅನುಮಾನಪಡಬೇಕು.

ಈ ತಂತ್ರ ಹೊಸದೇನಲ್ಲ. ಕಾರುಗಳಲ್ಲಿ ದೊಡ್ಡ ಮಟ್ಟದಲ್ಲಿ ಬಂದದ್ದು 2000ರಲ್ಲಿ, ಪೂಜೋ 607 ಮೂಲಕ. ಯುರೋಪಿನಲ್ಲಿ 2009ರಿಂದ ಹೊಸ ಮಾಡೆಲ್‌ಗಳಿಗೆ ಬಂದ ಯುರೋ 5 ನಿಯಮ ಡೀಸೆಲ್ ಕಾರಿನ ಮಸಿಯ ಮಿತಿಯನ್ನು ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಡಿಪಿಎಫ್ ಇಲ್ಲದೆ ಅಲ್ಲಿಗೆ ಮುಟ್ಟುವುದು ಕಷ್ಟವಾಗಿ ಎಲ್ಲ ಕಂಪನಿಗಳೂ ಇದನ್ನು ಹಾಕತೊಡಗಿದವು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ಜೊತೆ ಇಲ್ಲಿನ ಡೀಸೆಲ್ ಕಾರುಗಳಿಗೂ ಇದು ಬಂತು.

ಈಗ ಮುಖ್ಯ ವಿಷಯ. ಫಿಲ್ಟರ್‌ನಲ್ಲಿ ಕೂರುವುದು ಎರಡು ಬೇರೆ ಬೇರೆ ವಸ್ತು. ಒಂದು ಮಸಿ, ಇನ್ನೊಂದು ಬೂದಿ. ಮಸಿ ಅಂದರೆ ಪೂರ್ತಿ ಉರಿಯದ ಡೀಸೆಲ್‌ನ ಕಾರ್ಬನ್. ಸಾಕಷ್ಟು ಬಿಸಿ ಕೊಟ್ಟರೆ ಅದು ಉರಿದು ಅನಿಲವಾಗಿ ಹೋಗುತ್ತದೆ. ಬೂದಿ ಹಾಗಲ್ಲ. ಅದು ಹೆಚ್ಚಾಗಿ ಇಂಜಿನ್ ಆಯಿಲ್‌ನಿಂದ ಬರುತ್ತದೆ. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಜಿಂಕ್, ಫಾಸ್ಫರಸ್ ಮುಂತಾದವು ಸುಟ್ಟ ಮೇಲೆ ಉಳಿಯುವ ಪುಡಿ. ಅದನ್ನು ಎಷ್ಟು ಬಿಸಿ ಮಾಡಿದರೂ ಮತ್ತೆ ಉರಿಯುವುದಿಲ್ಲ. ಲಕ್ಷಾಂತರ ಕಿಲೋಮೀಟರ್ ಓಡುತ್ತಾ ನಿಧಾನಕ್ಕೆ ತುಂಬುತ್ತದೆ. ನಿಮ್ಮ ಕಾರಿನ ಫಿಲ್ಟರ್ ಕಟ್ಟಿಕೊಂಡಿರುವುದು ಮಸಿಯಿಂದಲೋ ಬೂದಿಯಿಂದಲೋ ಅನ್ನುವುದರ ಮೇಲೆ ಮುಂದಿನ ಎಲ್ಲ ತೀರ್ಮಾನ ನಿಂತಿದೆ. ಐವತ್ತು ಸಾವಿರ ಕಿಲೋಮೀಟರ್ ಓಡಿದ ಕಾರಿಗೆ ಬೂದಿ ತುಂಬಿದೆ, ಫಿಲ್ಟರ್ ಬದಲಿಸಿ ಅಂತ ಯಾರಾದರೂ ಹೇಳಿದರೆ ನಂಬುವ ಮುಂಚೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ತೋರಿಸಿ ಅಂತ ಕೇಳಿ.

ಮಸಿಯನ್ನು ಸುಡುವ ಕೆಲಸಕ್ಕೆ ರೀಜನರೇಷನ್ ಅನ್ನುತ್ತಾರೆ. ಮೆಕ್ಯಾನಿಕ್‌ಗಳ ಬಾಯಲ್ಲಿ ರೀಜೆನ್. ಇದರಲ್ಲಿ ಎರಡು ಬಗೆ. ಹೈವೇಯಲ್ಲಿ ಒಂದೇ ಸಮ ಓಡುವಾಗ ಎಕ್ಸಾಸ್ಟ್ ಸಾಕಷ್ಟು ಬಿಸಿಯಾಗಿರುತ್ತದೆ, ಫಿಲ್ಟರ್‌ಗಿಂತ ಮುಂಚೆ ಇರುವ, ಹೊಗೆಯಲ್ಲಿ ರಾಸಾಯನಿಕ ಬದಲಾವಣೆ ತರುವ ಕ್ಯಾಟಲಿಸ್ಟ್‌ನಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಸುಮಾರು 250ರಿಂದ 400 ಡಿಗ್ರಿ ಶಾಖದಲ್ಲೇ ಮಸಿಯನ್ನು ಮೆಲ್ಲಗೆ ತಿಂದುಹಾಕುತ್ತದೆ. ಇದು ನಿಮಗೆ ಗೊತ್ತೇ ಆಗುವುದಿಲ್ಲ. ಇದು ಸಾಲದಿದ್ದಾಗ ಕಾರಿನ ಕಂಪ್ಯೂಟರ್ ತಾನೇ ಕೈಹಾಕುತ್ತದೆ. ಸಿಲಿಂಡರ್‌ನೊಳಗೆ ಉರಿ ಮುಗಿಯುವ ಹೊತ್ತಿಗೆ ಇನ್ನೊಂದಿಷ್ಟು ಡೀಸೆಲ್ ಸಿಂಪಡಿಸುತ್ತದೆ, ಅದು ಉರಿಯದೆ ಹೊರಹೋಗಿ ಕ್ಯಾಟಲಿಸ್ಟ್‌ನಲ್ಲಿ ಉರಿಯುತ್ತದೆ, ಅಲ್ಲಿಂದ ಫಿಲ್ಟರ್‌ಗೆ 600 ಡಿಗ್ರಿ ಆಸುಪಾಸಿನ ಬಿಸಿ ಸಿಗುತ್ತದೆ, ಮಸಿ ಸುಟ್ಟುಹೋಗುತ್ತದೆ. ಓಡಿಸುವ ರೀತಿಯ ಮೇಲೆ ಇದು ಕೆಲವು ನೂರು ಕಿಲೋಮೀಟರಿಗೊಮ್ಮೆ ನಡೆಯುತ್ತದೆ, ಮುಗಿಯಲು ಹತ್ತರಿಂದ ಇಪ್ಪತ್ತು ನಿಮಿಷ ಬೇಕು.

ಹೆಚ್ಚಿನ ಕಾರುಗಳು ಈ ಕೆಲಸ ನಡೆಯುತ್ತಿದೆ ಅಂತ ನಿಮಗೆ ಹೇಳುವುದೇ ಇಲ್ಲ. ಇದು ನನಗೆ ಇವತ್ತಿಗೂ ಕೋಪ ತರಿಸುವ ವಿಷಯ. ಒಂದು ಚಿಕ್ಕ ದೀಪ ಹಾಕಿದ್ದರೆ ಎಷ್ಟೋ ಜನರ ಫಿಲ್ಟರ್ ಉಳಿಯುತ್ತಿತ್ತು. ಹೇಳದಿದ್ದರೂ ಗುರುತು ಹಿಡಿಯಬಹುದು. ನಿಂತಿರುವಾಗ ಇಂಜಿನ್ ಆರ್‌ಪಿಎಂ ಮಾಮೂಲಿಗಿಂತ ಸ್ವಲ್ಪ ಮೇಲಿರುತ್ತದೆ, 800 ಇರುವ ಜಾಗದಲ್ಲಿ 1000. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಅವತ್ತು ಆಫ್ ಆಗುವುದಿಲ್ಲ. ಆ ಕ್ಷಣದ ಮೈಲೇಜ್ ತೋರಿಸುವ ಅಂಕಿ ಕೆಳಗಿಳಿದಿರುತ್ತದೆ. ಎಕ್ಸಾಸ್ಟ್ ಸದ್ದು ಸ್ವಲ್ಪ ಗಡುಸಾಗುತ್ತದೆ. ಇಳಿದರೆ ಬಿಸಿ ಲೋಹದ ವಾಸನೆ, ಕಾರು ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತದೆ. ಈ ಫ್ಯಾನ್ ಸದ್ದು ಕೇಳಿದರೆ ರೀಜೆನ್ ಅರ್ಧಕ್ಕೆ ನಿಂತಿರುವ ಸಾಧ್ಯತೆ ಜಾಸ್ತಿ. ಸಾಧ್ಯವಾದರೆ ಇನ್ನೊಂದು ಸುತ್ತು ಹೊಡೆದು ಬನ್ನಿ.

ಅರ್ಧಕ್ಕೆ ನಿಂತರೆ ಏನಾಗುತ್ತದೆ? ಒಮ್ಮೆ ಆದರೆ ಏನೂ ಆಗದು, ಮುಂದಿನ ಸಲ ಕಾರು ಮತ್ತೆ ಪ್ರಯತ್ನಿಸುತ್ತದೆ. ಪದೇ ಪದೇ ಆದರೆ ಎರಡು ಕಡೆ ಹಾನಿ. ಮಸಿ ಏರುತ್ತಲೇ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಇನ್ನೊಂದನ್ನು ತುಂಬಾ ಜನ ಗಮನಿಸುವುದಿಲ್ಲ. ರೀಜೆನ್‌ಗಾಗಿ ಸಿಲಿಂಡರ್‌ಗೆ ಸಿಂಪಡಿಸಿದ ಹೆಚ್ಚುವರಿ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿಕೊಂಡು ಪಿಸ್ಟನ್ ರಿಂಗ್‌ಗಳ ಪಕ್ಕದಿಂದ ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾಗಿದೆಯಾ ಅಂತ ನೋಡುವುದು ನಮ್ಮೆಲ್ಲರ ಅಭ್ಯಾಸ, ಡಿಪಿಎಫ್ ಇರುವ ಡೀಸೆಲ್‌ನಲ್ಲಿ ಜಾಸ್ತಿಯಾಗಿದೆಯಾ ಅಂತಲೂ ನೋಡಬೇಕು. ಮ್ಯಾಕ್ಸ್ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಆ ಆಯಿಲ್‌ನಲ್ಲಿ ಓಡಿಸಬೇಡಿ. ಬೇರಿಂಗ್, ಇಂಜಿನ್‌ಗೆ ಗಾಳಿ ಒತ್ತಿ ಕೊಡುವ ಟರ್ಬೊ, ಎರಡಕ್ಕೂ ಅಪಾಯ. ಮಟ್ಟ ತೀರಾ ಏರಿದರೆ ಇಂಜಿನ್ ತನ್ನ ಆಯಿಲ್ಲನ್ನೇ ಉರುವಲಾಗಿ ಎಳೆದುಕೊಂಡು ಹತೋಟಿ ತಪ್ಪಿ ಓಡುವುದೂ ಉಂಟು. ಕೆಲವು ಇಂಜಿನ್‌ಗಳಲ್ಲಿ ಎಕ್ಸಾಸ್ಟ್ ಪೈಪಿನಲ್ಲೇ ಪ್ರತ್ಯೇಕ ಇಂಜೆಕ್ಟರ್ ಇಟ್ಟು ಈ ತೊಂದರೆ ತಪ್ಪಿಸಿದ್ದಾರೆ. ಒಳ್ಳೆಯ ಯೋಚನೆ, ಆದರೆ ಎಲ್ಲ ಕಾರುಗಳಲ್ಲೂ ಇಲ್ಲ.

ಹಾಗಾದರೆ ದೀಪ ಹತ್ತಿದಾಗ ಏನು ಮಾಡಬೇಕು. ಹಳದಿ ಡಿಪಿಎಫ್ ದೀಪ ಒಂದೇ ಇದ್ದು, ಮಿನುಗದೆ ನಿಂತು ಉರಿಯುತ್ತಿದ್ದು, ಕಾರಿನ ಪಿಕಪ್ ಮಾಮೂಲಿಯಾಗಿದ್ದರೆ ಆವತ್ತೇ ಕಾರನ್ನು ತೆರೆದ ರಸ್ತೆಗೆ ಒಯ್ಯಿರಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಇರಲಿ, ಯಾಕೆಂದರೆ ಇಂಧನ ಕಡಿಮೆಯಿದ್ದರೆ ಹಲವು ಕಾರುಗಳು ರೀಜೆನ್ ಶುರುವೇ ಮಾಡುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ 60 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ, ಒಂದು ಗೇರ್ ಕಡಿಮೆ ಹಾಕಿಕೊಂಡು, 2000ದಿಂದ 2500 ಆರ್‌ಪಿಎಂ ಇಟ್ಟು ಇಪ್ಪತ್ತು ನಿಮಿಷದಷ್ಟು ಓಡಿಸಿ. ಜೋರಾಗಿ ಎಕ್ಸಲರೇಟರ್ ಒತ್ತಿ ಮಸಿಯನ್ನು ಹೊರಗೆ ಊದಿಬಿಡುತ್ತೇವೆ ಅಂತ ಕೆಲವರು ಅಂದುಕೊಂಡಿದ್ದಾರೆ. ಮಸಿ ಊದಿದರೆ ಹೋಗುವುದಿಲ್ಲ, ಉರಿದರೆ ಮಾತ್ರ ಹೋಗುತ್ತದೆ. ಅದಕ್ಕೆ ಬೇಕಾದ್ದು ವೇಗ ಅಲ್ಲ, ಒಂದೇ ಸಮನಾದ ಬಿಸಿ. ದೀಪ ಆರಿದ ತಕ್ಷಣ ಗಕ್ಕನೆ ನಿಲ್ಲಿಸಿ ಆಫ್ ಮಾಡಬೇಡಿ, ಇನ್ನೊಂದೆರಡು ನಿಮಿಷ ಸಾಧಾರಣವಾಗಿ ಓಡಿಸಿ ಆಮೇಲೆ ನಿಲ್ಲಿಸಿ. ಮಸಿ ಉರಿಯುತ್ತಿರುವಾಗ ಇಂಜಿನ್ ದಿಢೀರನೆ ಐಡಲ್‌ಗೆ, ಅಂದರೆ ಎಕ್ಸಲರೇಟರ್ ಒತ್ತದ ಸ್ಥಿತಿಗೆ, ಬಂದರೆ ಒಳಗಿನ ಬಿಸಿಯನ್ನು ಹೊತ್ತೊಯ್ಯುವ ಗಾಳಿ ಕಡಿಮೆಯಾಗುತ್ತದೆ, ಆ ಗಾಳಿಯಲ್ಲಿ ಆಕ್ಸಿಜನ್ ಮಾತ್ರ ಜಾಸ್ತಿ ಇರುತ್ತದೆ. ಫಿಲ್ಟರ್ ಅತಿಯಾಗಿ ಕಾಯುವುದು ಇಂಥ ಹೊತ್ತಿನಲ್ಲೇ.

ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಈ ವೇಗ, ಗೇರ್, ಸಮಯ ಎಲ್ಲ ಬರೆದಿರುತ್ತದೆ. ಒಂದೊಂದು ಕಾರಿಗೂ ಸ್ವಲ್ಪ ವ್ಯತ್ಯಾಸ ಇದೆ. ಓದಿ. ಆದರೆ ಡಿಪಿಎಫ್ ದೀಪ ಮಿನುಗುತ್ತಿದ್ದರೆ, ಅಥವಾ ಅದರ ಜೊತೆ ಇಂಜಿನ್ ದೀಪವೂ ಬಂದಿದ್ದರೆ, ಅಥವಾ ಕಾರು ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುವ ಲಿಂಪ್ ಮೋಡ್‌ಗೆ ಹೋಗಿ ಎಷ್ಟು ಒತ್ತಿದರೂ ಎಳೆಯದಿದ್ದರೆ ಹೈವೇ ಓಟದ ಹೊತ್ತು ಮುಗಿದಿದೆ. ಆ ಸ್ಥಿತಿಯಲ್ಲಿ ಕಾರು ತಾನಾಗಿ ರೀಜೆನ್ ಮಾಡುವುದನ್ನು ನಿಲ್ಲಿಸಿರುತ್ತದೆ, ಎಷ್ಟು ದೂರ ಓಡಿಸಿದರೂ ಮಸಿ ಇನ್ನಷ್ಟು ಸೇರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನನ್ನ ಕಾರಿನ ವಿಷಯ ಹೇಳುತ್ತೇನೆ, ಯಾಕೆಂದರೆ ಕಾರಣ ಹುಡುಕಬೇಕು ಅನ್ನುವ ನನ್ನ ಹಠ ಶುರುವಾದದ್ದು ಅಲ್ಲಿಂದಲೇ. ದೀಪ ಹತ್ತಿದಾಗ ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆಯೇ ಹೈವೇಯಲ್ಲಿ ಓಡಿಸಿದೆ. ಆರಲಿಲ್ಲ. ಮತ್ತೆ ಓಡಿಸಿದೆ, ಆಗಲೂ ಆರಲಿಲ್ಲ. ಒಂದು ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿ, ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿ, ಡಿಪಿಎಫ್ ಕಟ್ಟಿಕೊಂಡಿದೆ, ಹೊಸದು ಹಾಕಬೇಕು ಅಂದರು. ಕೋಡ್ ಹೇಳಿದ್ದು ಕಟ್ಟಿಕೊಂಡಿದೆ ಅಂತ ಮಾತ್ರ. ಹಾಳಾಗಿದೆ ಅಂತ ಕೋಡ್ ಎಲ್ಲೂ ಹೇಳಿರಲಿಲ್ಲ. ಈ ಎರಡರ ನಡುವೆ ತುಂಬಾ ಅಂತರ ಇದೆ ಅಲ್ವಾ? ಸ್ನೇಹಿತರೊಬ್ಬರಿಂದ ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ರೀಡರ್ ಪಡೆದು, ಫೋನಿನಲ್ಲಿ ಲೈವ್ ಡೇಟಾ ನೋಡುತ್ತಾ ಪಕ್ಕದಲ್ಲಿ ಅವರನ್ನೇ ಕೂರಿಸಿಕೊಂಡು ಹೊರಟೆ. ಎಷ್ಟು ದೂರ ಹೋದರೂ ಇಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನ ಬಿಸಿ 70 ಡಿಗ್ರಿ ದಾಟುತ್ತಿಲ್ಲ. ಇಳಿಜಾರಿನಲ್ಲಿ ಇನ್ನೂ ಕೆಳಗಿಳಿಯುತ್ತದೆ. ಆ ಇಂಜಿನ್ 90ರ ಹತ್ತಿರ ಇರಬೇಕಿತ್ತು. ಡ್ಯಾಶ್‌ಬೋರ್ಡ್‌ನ ಮುಳ್ಳು ಮಾತ್ರ ನಡುವಿಗಿಂತ ಕೂದಲೆಳೆಯಷ್ಟು ಕೆಳಗೆ, ನೋಡಿದರೆ ಏನೂ ಅನ್ನಿಸದ ಹಾಗೆ ನಿಂತಿತ್ತು.

ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ಇಂಜಿನ್ ತಣ್ಣಗಿರುವಾಗ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದು ಮುಚ್ಚದೆ ಹೋದರೆ ಇಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ. ಇಂಜಿನ್ ಬಿಸಿಯಾಗಿಲ್ಲ ಅಂತ ಕಂಪ್ಯೂಟರ್ ರೀಜೆನ್‌ಗೆ ಒಪ್ಪಿಗೆ ಕೊಡುತ್ತಿರಲಿಲ್ಲ. ತಣ್ಣಗಿನ ಇಂಜಿನ್ ಮಸಿಯನ್ನೂ ಜಾಸ್ತಿ ಮಾಡುತ್ತದೆ. ಅಂದರೆ ಒಂದು ಸಣ್ಣ ಬಿಡಿಭಾಗ ಎರಡು ಕಡೆಯಿಂದ ಫಿಲ್ಟರ್ ತುಂಬಿಸುತ್ತಿತ್ತು. ಇನ್ನೊಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಬದಲಿಸಿ, ಸ್ಕ್ಯಾನರ್‌ನಿಂದ ಒಮ್ಮೆ ರೀಜೆನ್ ಮಾಡಿಸಿ, ಆಯಿಲ್ ಬದಲಿಸಿದರು. ಅದೇ ಫಿಲ್ಟರ್ ಈಗಲೂ ಕಾರಿನಲ್ಲಿದೆ. ಮೊದಲನೆಯವರ ಮಾತು ಕೇಳಿ ಹೊಸ ಫಿಲ್ಟರ್ ಹಾಕಿಸಿದ್ದರೆ ಅದೇ ಥರ್ಮೋಸ್ಟಾಟ್ ಅದನ್ನೂ ತುಂಬಿಸುತ್ತಿತ್ತು.

ಎಲ್ಲರ ಕಾರಿನಲ್ಲೂ ಥರ್ಮೋಸ್ಟಾಟೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹುಡುಕುವ ಜಾಗಗಳು ಹಲವು ಇವೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಪ್ರೆಶರ್ ಸೆನ್ಸರ್ ಮತ್ತು ಅದರ ಎರಡು ಸಣ್ಣ ಹೋಸ್‌ಗಳು. ಫಿಲ್ಟರ್ ಮುಂಚಿನ ಒತ್ತಡಕ್ಕೂ ನಂತರದ ಒತ್ತಡಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಅಳೆಯುವ ಸೆನ್ಸರ್ ಅದು, ಕಂಪ್ಯೂಟರ್‌ಗೆ ಫಿಲ್ಟರ್ ಒಳಗಿನ ಸ್ಥಿತಿ ತಿಳಿಯುವುದು ಮುಖ್ಯವಾಗಿ ಅದರಿಂದಲೇ. ಬಿಸಿಗೆ ಹೋಸ್ ಬಿರುಕು ಬಿಡುತ್ತದೆ, ಮಸಿ ಸೇರಿ ಮುಚ್ಚಿಕೊಳ್ಳುತ್ತದೆ, ಒಳಗೆ ನೀರು ನಿಲ್ಲುತ್ತದೆ. ಆಗ ಸೆನ್ಸರ್ ತಪ್ಪು ಅಂಕಿ ಕೊಡುತ್ತದೆ. ಕ್ಲೀನಾಗಿರುವ ಫಿಲ್ಟರನ್ನೂ ತುಂಬಿದೆ ಅನ್ನಬಹುದು, ತುಂಬಿದ್ದನ್ನು ಖಾಲಿ ಅಂತಲೂ ಹೇಳಬಹುದು. ಪರೀಕ್ಷೆ ಸುಲಭ. ಇಗ್ನಿಷನ್ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ಲೈವ್ ಡೇಟಾ ನೋಡಿ, ಗಾಳಿ ಹರಿಯುತ್ತಿಲ್ಲವಾದ್ದರಿಂದ ವ್ಯತ್ಯಾಸ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಸೆನ್ಸರ್ ಮೇಲೇ ಅನುಮಾನ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಒಳ್ಳೆಯ ಫಿಲ್ಟರ್ ಕೆಲವೇ ಮಿಲಿಬಾರ್ ತೋರಿಸುತ್ತದೆ, ಆರ್‌ಪಿಎಂ ಏರಿಸಿದಂತೆ ಅದೂ ಸಮನಾಗಿ ಏರಿ ಬಿಟ್ಟಾಗ ಇಳಿಯಬೇಕು. ಐಡಲ್‌ನಲ್ಲೇ ಹತ್ತಾರು ಮಿಲಿಬಾರ್ ಇದ್ದರೆ ನಿಜಕ್ಕೂ ಕಟ್ಟಿಕೊಂಡಿದೆ. ಎಷ್ಟು ಒತ್ತಿದರೂ ಏರದೇ ಇದ್ದರೆ ಹೋಸ್ ಕಿತ್ತುಬಂದಿದೆ ಅಥವಾ ಫಿಲ್ಟರ್ ಒಡೆದಿದೆ.

ನಂತರ ಇಂಜಿನ್ ಕಡೆ ಬನ್ನಿ. ಹೊಗೆಯ ಒಂದು ಭಾಗವನ್ನು ಇಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಸಿಲಿಂಡರ್‌ಗೆ ಹೊಗೆಯೇ ವಾಪಸ್ ಹೋಗಿ ಗಾಳಿ ಕಡಿಮೆಯಾಗಿ ಮಸಿ ರಾಶಿಯಾಗುತ್ತದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೂ ಅದೇ ಕಥೆ. ಟರ್ಬೊದಿಂದ ಇಂಜಿನ್‌ಗೆ ಹೋಗುವ ಗಾಳಿಯ ಪೈಪಿನಲ್ಲಿ ಸೋರಿಕೆ ಇದ್ದರೆ, ಏರ್ ಫಿಲ್ಟರ್ ಮುಚ್ಚಿಹೋಗಿದ್ದರೆ, ಗಾಳಿ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿದ್ದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುವುದಿಲ್ಲ. ಡಿಪಿಎಫ್ ಇಲ್ಲದ ಹಳೆಯ ಕಾರುಗಳಲ್ಲಿ ಇಂಥ ದೋಷ ಇದ್ದರೆ ಹಿಂದೆ ಕಪ್ಪು ಹೊಗೆ ಕಾಣುತ್ತಿತ್ತು, ಯಾರಾದರೂ ಹೇಳುತ್ತಿದ್ದರು. ಈಗ ಆ ಹೊಗೆಯನ್ನು ಫಿಲ್ಟರ್ ನುಂಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಹಾಗಾಗಿ ಇಂಜಿನ್ ದೋಷ ಮೊದಲು ಕಾಣಿಸಿಕೊಳ್ಳುವುದೇ ಡಿಪಿಎಫ್ ದೀಪವಾಗಿ. ಟರ್ಬೊ ಸೀಲ್ ಹೋಗಿ ಆಯಿಲ್ ಎಕ್ಸಾಸ್ಟ್‌ಗೆ ಹೋಗುತ್ತಿದ್ದರೆ ಇನ್ನೂ ಕೆಟ್ಟದ್ದು, ಮಸಿಯ ಜೊತೆ ಬೂದಿಯೂ ಬೇಗ ತುಂಬುತ್ತದೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಕಾಯಿಸುವ ಗ್ಲೋ ಪ್ಲಗ್ ಒಂದು ಹೋದರೂ, ಎಕ್ಸಾಸ್ಟ್ ಬಿಸಿ ಅಳೆಯುವ ಸೆನ್ಸರ್ ಹೋದರೂ ಕೆಲವು ಕಾರುಗಳು ರೀಜೆನ್ ಮಾಡುವುದನ್ನೇ ನಿಲ್ಲಿಸುತ್ತವೆ. ಆದ್ದರಿಂದ ಡಿಪಿಎಫ್ ಕೋಡ್ ಜೊತೆ ಬೇರೆ ಯಾವ ಕೋಡ್ ಇದ್ದರೂ ಮೊದಲು ಆ ಬೇರೆಯದನ್ನು ಸರಿಪಡಿಸಿ.

ಸ್ಕ್ಯಾನರ್‌ನಿಂದ ಬಲವಂತವಾಗಿ ಮಾಡಿಸುವ ರೀಜೆನ್ ಬಗ್ಗೆ ಒಂದೆರಡು ಮಾತು. ಕಾರು ನಿಂತಲ್ಲೇ ಆರ್‌ಪಿಎಂ ಏರಿಸಿಕೊಂಡು ಅರ್ಧ ಗಂಟೆಯ ಆಸುಪಾಸು ಕೆಲಸ ನಡೆಯುತ್ತದೆ, ಎಕ್ಸಾಸ್ಟ್ ಕೆಂಡದಂತೆ ಕಾಯುತ್ತದೆ. ಬಯಲಲ್ಲೇ ಮಾಡಿಸಬೇಕು. ಕೆಳಗೆ ಒಣ ಹುಲ್ಲು, ಕಾಗದ, ಆಯಿಲ್ ಬಟ್ಟೆ ಏನೂ ಇರಬಾರದು. ಮುಚ್ಚಿದ ಶೆಡ್‌ನಲ್ಲಿ ಬೇಡವೇ ಬೇಡ. ಯಾರೂ ಇಲ್ಲದೆ ಕಾರನ್ನು ಅದರ ಪಾಡಿಗೆ ಬಿಟ್ಟುಹೋಗಬಾರದು. ಇದಕ್ಕೂ ಮಿತಿ ಇದೆ. ಮಸಿ ಒಂದು ಮಟ್ಟ ಮೀರಿದ್ದರೆ ಸ್ಕ್ಯಾನರ್ ಒಪ್ಪುವುದೇ ಇಲ್ಲ, ಯಾಕೆಂದರೆ ಅಷ್ಟೊಂದು ಮಸಿ ಒಟ್ಟಿಗೆ ಹೊತ್ತಿಕೊಂಡರೆ ಬಿಸಿ ಸಾವಿರ ಡಿಗ್ರಿ ದಾಟಿ ಸೆರಾಮಿಕ್ ಬಿರುಕು ಬಿಡಬಹುದು, ಕರಗಲೂಬಹುದು. ಕೆಲವರು ಇದನ್ನು ದಾಟಲು ಕಂಪ್ಯೂಟರ್‌ನಲ್ಲಿ ಹೊಸ ಫಿಲ್ಟರ್ ಹಾಕಿದೆ ಅಂತ ಬರೆದು ಮಸಿಯ ಲೆಕ್ಕವನ್ನು ಸೊನ್ನೆ ಮಾಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಲೆಕ್ಕ ಸೊನ್ನೆಯಾದರೂ ಮಸಿ ಅಲ್ಲೇ ಇರುತ್ತದೆ, ಕಾರು ಮಾತ್ರ ಅದು ಇಲ್ಲ ಅಂತ ನಂಬಿ ಓಡುತ್ತದೆ. ಒಮ್ಮೆಯಾದರೂ ಬಲವಂತದ ರೀಜೆನ್ ಆದರೆ ಆಯಿಲ್ ಮಟ್ಟ ನೋಡಿ ಬದಲಿಸುವುದು ಒಳ್ಳೆಯದು.

ಡಬ್ಬಿಯಲ್ಲಿ ಸಿಗುವ ಕ್ಲೀನರ್‌ಗಳು ಪೂರ್ತಿ ಸುಳ್ಳೇನಲ್ಲ. ಟ್ಯಾಂಕಿಗೆ ಹಾಕುವ ಕೆಲವು ದ್ರವಗಳಲ್ಲಿ ಮಸಿ ಹೊತ್ತಿಕೊಳ್ಳುವ ಬಿಸಿಯನ್ನು ಕೆಳಗಿಳಿಸುವ ಲೋಹದ ಅಂಶ ಇರುತ್ತದೆ. ಪೂಜೋ ಮೊದಲು ಮಾಡಿದ್ದೂ ಅದನ್ನೇ, ಸೀರಿಯಂ ಇರುವ ದ್ರವವನ್ನು ಪ್ರತ್ಯೇಕ ಟ್ಯಾಂಕಿನಿಂದ ಡೀಸೆಲ್‌ಗೆ ಬೆರೆಸಿ 450 ಡಿಗ್ರಿಯ ಹತ್ತಿರವೇ ಮಸಿ ಉರಿಯುವಂತೆ ಮಾಡಿದ್ದರು. ಅಂದರೆ ರೀಜೆನ್ ನಡೆಯುವ ಸ್ಥಿತಿಯಲ್ಲಿರುವ ಕಾರಿಗೆ ಸಹಾಯ ಸಿಗಬಹುದು. ರೀಜೆನ್ನೇ ನಡೆಯದ ಕಾರಿಗೆ ಏನೂ ಮಾಡದು. ಬೂದಿಗಂತೂ ಯಾವ ಡಬ್ಬಿಯೂ ಮದ್ದಲ್ಲ.

ಬೂದಿ ತುಂಬಿದ್ದರೆ ಫಿಲ್ಟರ್ ಬಿಚ್ಚಿಯೇ ಕ್ಲೀನ್ ಮಾಡಿಸಬೇಕು. ಇದನ್ನೇ ಮಾಡುವ ವರ್ಕ್‌ಶಾಪ್‌ಗಳು ಇರುತ್ತವೆ. ವಿಶೇಷ ಒಲೆಯಲ್ಲಿ ಕಾಯಿಸಿ ಉಳಿದ ಮಸಿ ಸುಡುತ್ತಾರೆ, ಆಮೇಲೆ ಗಾಳಿಯಿಂದ ಊದಿ ಅಥವಾ ನೀರು ಮತ್ತು ಕ್ಲೀನರ್ ಹಾಯಿಸಿ ಹೊಗೆ ಹೋಗುವ ದಿಕ್ಕಿಗೆ ವಿರುದ್ಧವಾಗಿ ಬೂದಿ ತೆಗೆಯುತ್ತಾರೆ. ಕೇಳಬೇಕಾದ್ದು ಒಂದೇ: ಮೊದಲು ಎಷ್ಟು ತೂಕ ಇತ್ತು, ಆಮೇಲೆ ಎಷ್ಟು, ಒತ್ತಡದ ಪರೀಕ್ಷೆಯಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟು. ಅಂಕಿ ಕೊಡುವವರ ಕೈಗೆ ಕೊಡಿ. ಕಾರ್ ವಾಶ್‌ನ ಪ್ರೆಶರ್ ಪಂಪ್ ಹಿಡಿದು ತೊಳೆಯುವವರ ಕೈಗೆ ಬೇಡ, ಒಳಗಿನ ತೆಳು ಗೋಡೆಗಳೂ ಅವುಗಳ ಮೇಲಿನ ಕ್ಯಾಟಲಿಸ್ಟ್ ಲೇಪನವೂ ಹಾಳಾಗುತ್ತವೆ.

ಇನ್ನು ಕಿತ್ತುಹಾಕುವ ಮಾತು. ಇದರ ಬಗ್ಗೆ ನನಗೆ ಯಾವ ಗೊಂದಲವೂ ಇಲ್ಲ, ಮಾಡಬೇಡಿ. ಮೈಲೇಜ್ ಬರುತ್ತದೆ, ಪಿಕಪ್ ಬರುತ್ತದೆ ಅನ್ನುತ್ತಾರೆ. ಆ ಫಿಲ್ಟರ್ ಹಿಡಿಯುವ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಕಾರಿನ ಹಿಂದೆ ಬೈಕಿನಲ್ಲಿ ಬರುವವರು, ರಸ್ತೆ ಬದಿಯಲ್ಲಿ ನಡೆಯುವ ಮಕ್ಕಳು ಅದನ್ನು ಉಸಿರಾಡಬೇಕಾಗುತ್ತದೆ. ನಮ್ಮ ಖರ್ಚು ಉಳಿಸಲು ಅವರ ಉಸಿರಿಗೆ ಮಸಿ ಬಿಡುವುದು ಸರಿಯಲ್ಲ. ಕಾನೂನೂ ಬಿಗಿಯಾಗುತ್ತಿದೆ. ಬ್ರಿಟನ್‌ನಲ್ಲಿ 2014ರಿಂದ ಫಿಲ್ಟರ್ ಇರಬೇಕಾದ ಕಾರಿನಲ್ಲಿ ಅದಿಲ್ಲದಿದ್ದರೆ ವಾರ್ಷಿಕ ತಪಾಸಣೆಯಲ್ಲಿ ಫೇಲ್. ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ, ಎಕ್ಸಾಸ್ಟ್‌ನಲ್ಲಿನ ಕಣಗಳನ್ನು ಎಣಿಸುವ ಪರೀಕ್ಷೆ ತಂದಿವೆ. ಹಳೆಯ ಹೊಗೆ ಪರೀಕ್ಷೆಗೆ ಸಿಗದ ಒಡಕು ಫಿಲ್ಟರ್ ಕೂಡ ಅದರಲ್ಲಿ ಸಿಕ್ಕಿಬೀಳುತ್ತದೆ.

ಆಯಿಲ್ ವಿಷಯದಲ್ಲಿ ಉದಾಸೀನ ಬೇಡ. ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಡಬ್ಬಿಯ ಹಿಂದೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಅಂತ ಸಿ ಅಕ್ಷರದ ಗುರುತು ಇರುತ್ತದೆ. ನಿಮ್ಮ ಕಾರಿಗೆ ಯಾವುದು ಅಂತ ಮ್ಯಾನುಯಲ್ ಹೇಳುತ್ತದೆ. 5ಡಬ್ಲ್ಯೂ-30 ಅಂತ ಇದ್ದರೆ ಸಾಕು ಅಂದುಕೊಳ್ಳಬೇಡಿ, ಅದು ಆಯಿಲ್ ಎಷ್ಟು ತೆಳು ಎಷ್ಟು ಗಟ್ಟಿ ಅಂತ ಮಾತ್ರ ಹೇಳುತ್ತದೆ, ಬೂದಿಯ ಬಗ್ಗೆ ಏನೂ ಹೇಳುವುದಿಲ್ಲ. ಇನ್ನೊಂದು ಗೊಂದಲ, ಡಿಇಎಫ್ ಅಥವಾ ಆಡ್‌ಬ್ಲೂ. ಹೆಸರು ಹತ್ತಿರ ಇರುವುದರಿಂದ ಡಿಇಎಫ್ ಹಾಕಿದರೆ ಡಿಪಿಎಫ್ ಕ್ಲೀನಾಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ಯೂರಿಯಾ ದ್ರಾವಣ, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ಬೇರೆಯೇ ವ್ಯವಸ್ಥೆಗೆ ಸೇರಿದ್ದು. ಅದಕ್ಕೇ ಅಂತ ಬೇರೆ ಟ್ಯಾಂಕ್ ಇರುತ್ತದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಇಂಧನ ವ್ಯವಸ್ಥೆಯೇ ಹಾಳು.

ಹಳೆಯ ಡೀಸೆಲ್ ಕಾರು ಕೊಳ್ಳಲು ಹೊರಟವರು ಇದೆಲ್ಲವನ್ನೂ ಅಲ್ಲೇ ಪರೀಕ್ಷಿಸಬಹುದು. ಪೈಪಿನೊಳಗೆ ಬೆರಳಾಡಿಸಿ, ಡಿಪ್‌ಸ್ಟಿಕ್ ತೆಗೆದು ವಾಸನೆ ನೋಡಿ, ಸ್ಕ್ಯಾನರ್ ಹಾಕಿಸಿ ಕೊನೆಯ ರೀಜೆನ್ ಆಗಿ ಎಷ್ಟು ಕಿಲೋಮೀಟರ್ ಆಯಿತು, ಮಸಿ ಎಷ್ಟಿದೆ, ಬೂದಿ ಎಷ್ಟಿದೆ ಅಂತ ಕೇಳಿ. ಹಲವು ಕಾರುಗಳಲ್ಲಿ ಈ ಮೂರೂ ಅಂಕಿ ಸಿಗುತ್ತವೆ. ಒಂದು ರೀಜೆನ್‌ಗೂ ಇನ್ನೊಂದಕ್ಕೂ ನೂರು ಕಿಲೋಮೀಟರ್ ಕೂಡ ಇಲ್ಲದಿದ್ದರೆ ಎಲ್ಲೋ ಏನೋ ಸರಿಯಿಲ್ಲ. ದಿನಾ ನಾಲ್ಕೈದು ಕಿಲೋಮೀಟರ್ ಓಡಿಸಿ ಆಫ್ ಮಾಡುವುದೇ ನಿಮ್ಮ ಬಳಕೆಯಾಗಿದ್ದು, ಹೈವೇಗೆ ಹೋಗುವುದು ಅಪರೂಪವಾಗಿದ್ದರೆ, ಎಲ್ಲ ಅಂಕಿ ಚೆನ್ನಾಗಿದ್ದರೂ ಆ ಕಾರು ಬಿಟ್ಟು ಪೆಟ್ರೋಲೋ ಎಲೆಕ್ಟ್ರಿಕ್ಕೋ ನೋಡಿ. ಅಷ್ಟು ಸಣ್ಣ ಓಡಾಟದಲ್ಲಿ ಆ ಫಿಲ್ಟರ್‌ಗೆ ಬೇಕಾದ ಬಿಸಿ ಯಾವ ಡೀಸೆಲ್ ಇಂಜಿನ್‌ನಿಂದಲೂ ಸಿಗುವುದಿಲ್ಲ.